ಯಾವ ಊರಿನದೂ ಅಲ್ಲದ ಬೀದಿ: ಕಂಪನಿ ನಾಟಕದ ರಸ್ತೆ ಸೀನಿನ ಚರಿತ್ರೆ

ನಾಟಕ ಕಂಪನಿಗಳ ಚರಿತ್ರೆ ಬರೆಯಲು ಕೂತವರು ಮೊದಲು ಮಾಲೀಕರ ಹೆಸರು ಹಿಡಿಯುತ್ತಾರೆ. ಆಮೇಲೆ ಕವಿಗಳು, ಹಾಡುವ ನಟರು, ಪೇಟಿ ಮಾಸ್ತರರು, ಸ್ತ್ರೀಪಾತ್ರಕ್ಕೆ ಹೆಸರಾದವರು ಬರುತ್ತಾರೆ. ಸಾಮಾನು ಸರಂಜಾಮಿನ ಮಾತು ಬಂದರೆ ದರ್ಬಾರ ಸೀನಿನ ಕಂಬಗಳು, ಸಿಂಹಾಸನ, ಜರಿಯ ಝಾಲರಿ ಇವುಗಳ ವರ್ಣನೆ ಪುಟ ತುಂಬುತ್ತದೆ. ಆ ಪಟ್ಟಿಯ ಕಟ್ಟಕಡೆಗೆ, ಅನೇಕ ಸಲ ಪಟ್ಟಿಯ ಹೊರಗೇ, ಉಳಿದುಹೋಗುವುದು ರಸ್ತೆ ಸೀನು. ನಡುವೆ ಒಂದು ದಾರಿ, ಎರಡೂ ಕಡೆ ಮನೆಗಳ ಸಾಲು, ಮೇಲೆ ಒಂದಿಷ್ಟು ಆಕಾಶ ಬರೆದ ಬಟ್ಟೆಯ ಪರದೆ ಅದು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ರಂಗಭೂಮಿಯನ್ನು ನೆನೆಯುವ ಈ ಸಂಚಿಕೆಯಲ್ಲಿ ಆ ಪರದೆಯ ಪರವಾಗಿ ನಾನು ಮಾತಾಡಬೇಕೆಂದಿದ್ದೇನೆ. ಕಂಪನಿ ಎಂಬ ಸಂಸ್ಥೆ ಊರೂರಿಗೆ ಹೋಗಿ ಠಿಕಾಣಿ ಹೂಡುವುದಕ್ಕೆ, ಪುರಾಣ ಬಿಟ್ಟು ಸಂಸಾರದ ಕಥೆಗೆ ದಾಟುವುದಕ್ಕೆ, ಕೊನೆಗೆ ತನ್ನ ಕಸುಬನ್ನು ಸಿನಿಮಾದ ಕೈಗೆ ಕೊಡುವುದಕ್ಕೆ ದರ್ಬಾರ ಸೀನಿಗಿಂತ ಹೆಚ್ಚು ದುಡಿದದ್ದು ಈ ಅಗ್ಗದ, ಸವೆದ, ಹೆಸರಿಲ್ಲದ ಬೀದಿ.

ಮೊದಲು ಅದರ ರಚನೆಯನ್ನೇ ನೋಡೋಣ. ಕೆಳಗೊಂದು ಉದ್ದನೆಯ ಬೊಂಬು ಕಟ್ಟಿ, ಹಗ್ಗ ಎಳೆದರೆ ಸುರುಳಿಯಾಗಿ ಮೇಲೇರುವಂತೆ, ಬಿಟ್ಟರೆ ಬಿಚ್ಚಿಕೊಂಡು ಇಳಿಯುವಂತೆ ಪರದೆಯನ್ನು ತೂಗುಹಾಕುತ್ತಾರೆ. ಅಂಟಿನ ನೀರಿನಲ್ಲಿ ಕಲಸಿದ ಪುಡಿಬಣ್ಣ ಬಟ್ಟೆಗೆ ಹಿಡಿದಿರುತ್ತದೆ. ಸುತ್ತಿ ಬಿಚ್ಚಿ ಸುತ್ತಿ ಬಿಚ್ಚಿ ಮಡಿಕೆಯ ಜಾಗದಲ್ಲಿ ಮೊದಲು ಬಣ್ಣ ಉದುರುತ್ತದೆ. ಚಿತ್ರದ ದಾರಿ ಪ್ರೇಕ್ಷಕರ ಎದುರಿನಿಂದ ಹೊರಟು ದೂರ ಹೋದಂತೆ ಕಿರಿದಾಗಿ ಒಂದು ಚುಕ್ಕೆಯಲ್ಲಿ ಮುಗಿಯುತ್ತದೆ. ಮನೆಗಳೂ ಅದೇ ಅಳತೆಯಲ್ಲಿ ಕುಗ್ಗುತ್ತವೆ. ನಟನಿಗೆ ಇದರಿಂದ ಒಂದು ಕಟ್ಟುಪಾಡು ಬೀಳುತ್ತದೆ. ಅವನು ಪರದೆಯ ಹತ್ತಿರ ಸರಿದರೆ ದೂರದ ಮನೆಯ ಮಾಳಿಗೆ ಅವನ ಸೊಂಟಕ್ಕೆ ಬರುತ್ತದೆ. ಆದ್ದರಿಂದ ಅವನು ರಂಗದ ಅಂಚಿನ ಒಂದು ಪಟ್ಟಿಯಷ್ಟು ಜಾಗದಲ್ಲೇ ನಿಲ್ಲಬೇಕು. ಚಿತ್ರದ ದಾರಿ ಮುಂದಿನಿಂದ ಹಿಂದಕ್ಕೆ ಹೋಗಿದ್ದರೂ ನಟರು ಬರುವುದು ಎಡಬಲದ ವಿಂಗಿನಿಂದ, ಹೋಗುವುದೂ ಅಲ್ಲಿಂದಲೇ. ಅಂದರೆ ಬರೆದ ರಸ್ತೆಯ ಮೇಲೆ ಒಬ್ಬರೂ ನಡೆಯುವುದಿಲ್ಲ, ಎಲ್ಲರೂ ಅದನ್ನು ಅಡ್ಡಹಾಯುತ್ತಾರೆ. ಇಬ್ಬರು ಎದುರುಬದುರಾಗುವುದು, ತಡೆದು ನಿಲ್ಲಿಸುವುದು, ಪ್ರೇಕ್ಷಕರ ಕಡೆ ಮುಖ ಮಾಡಿ ಮಾತು ಬೆಳೆಸುವುದು, ಜಗಳ ಕಾಯುವುದು, ಒಬ್ಬ ಹೋದ ಮೇಲೆ ಉಳಿದವನು ತನ್ನ ಮನಸ್ಸಿನದನ್ನು ಸಭೆಗೆ ಹೇಳುವುದು: ಕಂಪನಿ ನಾಟಕದ ರಸ್ತೆ ಪ್ರಸಂಗಗಳ ಈ ಚಲನೆಗಳನ್ನೆಲ್ಲ ನಟರ ಅಭ್ಯಾಸವೆಂದು ಮಾತ್ರ ನಾವು ತಿಳಿದಿದ್ದೇವೆ. ಅವುಗಳಲ್ಲಿ ಅರ್ಧವನ್ನಾದರೂ ಪರದೆಯ ಅಳತೆಯೇ ಕಲಿಸಿತು ಎಂದು ನನಗನ್ನಿಸುತ್ತದೆ.

ಈ ಪರದೆ ನಮ್ಮದಲ್ಲ, ಮುಂಬಯಿಯ ಪಾರ್ಸಿ ಕಂಪನಿಗಳಿಂದಲೂ ಮರಾಠಿ ಮಂಡಳಿಗಳಿಂದಲೂ ಬಂದ ಎರವಲು ಎಂಬ ಆಕ್ಷೇಪ ಹಳೆಯದು. ಬರೆದ ಪರದೆಯ ಮಟ್ಟಿಗೆ ಅದು ನಿಜ. ಪರದೆಯ ಮೇಲಿನ ಕಮಾನು ಕಿಟಕಿಗಳು, ಕಟಕಟೆಯ ಸಜ್ಜಗಳು ಕೃಷ್ಣಾ-ಘಟಪ್ರಭಾ ಸೀಮೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲ. ಆದರೆ ಎರವಲಿನ ಲೆಕ್ಕ ಒಂದೇ ದಿಕ್ಕಿನದಾಗಿರಲಿಲ್ಲ. ಉತ್ತರ ಕನ್ನಡದ ಕರ್ಕಿಯ ಭಾಗವತರ ಮೇಳ ಸಾಂಗಲಿಗೆ ಹೋಗಿ ಆಡಿ ತೋರಿಸಿದ ಮೇಲೆಯೇ ಅಲ್ಲಿನ ದೊರೆ ಚಿಂತಾಮಣರಾವ ಪಟವರ್ಧನರ ಇಚ್ಛೆಯಂತೆ ವಿಷ್ಣುದಾಸ ಭಾವೆ 1843ರಲ್ಲಿ ‘ಸೀತಾ ಸ್ವಯಂವರ’ ಆಡಿಸಿದರು. ಮರಾಠಿ ರಂಗಭೂಮಿ ತನ್ನ ಆರಂಭವನ್ನು ಅಲ್ಲಿಂದ ಎಣಿಸುತ್ತದೆ. ನಮ್ಮ ಮಗ್ಗುಲಿನ ತೇರದಾಳ ಸೀಮೆ ಅದೇ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು, ಜಮಖಂಡಿ ಪಟವರ್ಧನರದ್ದೇ ಇನ್ನೊಂದು ಸಂಸ್ಥಾನ. 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ ತಂದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಮರಾಠಿ ನಾಟಕಗಳ ಭರಾಟೆಗೆ ಎದುರಾಗಿ ಗದುಗಿನಲ್ಲಿ ಶಾಂತಕವಿಗಳು 1870ರ ದಶಕದಲ್ಲಿ ಕನ್ನಡ ಮಂಡಳಿ ಕಟ್ಟಿದರು. ಇಷ್ಟು ಒಳಗೊಳಗೇ ಹೆಣೆದುಕೊಂಡ ವ್ಯವಹಾರದಲ್ಲಿ ಪರದೆಯ ಬಟ್ಟೆ ಯಾರದು ಎಂದು ಕೇಳುವುದಕ್ಕಿಂತ, ಅದನ್ನು ಇಳಿಬಿಟ್ಟು ನಮ್ಮವರು ಏನು ಮಾಡಿದರು ಎಂದು ಕೇಳುವುದು ಮೇಲು.

ಅವರು ಮಾಡಿದ ಮೊದಲ ಕೆಲಸ ವೇಳೆ ಉಳಿಸಿದ್ದು. ದರ್ಬಾರ, ಕಾಡು, ಅರಮನೆಯ ಅಂತಃಪುರ ಇವೆಲ್ಲ ರಂಗದ ಪೂರ್ತಿ ಆಳ ಬೇಡುವ ಸೀನುಗಳು. ಒಂದನ್ನು ಕಳಚಿ ಇನ್ನೊಂದನ್ನು ಜೋಡಿಸಲು ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತು ಅಂಕದ ಪರದೆ ಹಾಕಿ ಜನರನ್ನು ಕತ್ತಲಲ್ಲಿ ಕೂಡಿಸಿದರೆ ಶಿಳ್ಳೆ ಬೀಳುತ್ತದೆ. ರಸ್ತೆ ಪರದೆ ರಂಗದ ಮುಂಭಾಗದಲ್ಲೇ ಇಳಿಯುವುದರಿಂದ ಅದರ ಹಿಂದೆ ಕೂಲಿಯವರು ಸಿಂಹಾಸನ ಎಳೆಯುವಾಗ ಮುಂದೆ ಆಟ ನಡೆದಿರುತ್ತದೆ. ಆ ಆಟವನ್ನು ಯಾರು ಆಡಬೇಕು? ರಾಜ ರಾಣಿಯರು ಮುಂದಿನ ಸೀನಿಗೆ ವೇಷ ಬದಲಿಸುತ್ತಿರುತ್ತಾರೆ. ಹಾಗಾಗಿ ರಸ್ತೆ ಹಾಸ್ಯನಟನ ಪಾಲಿಗೆ ಬಂತು. ಅವನ ಹೆಂಡತಿ, ಸಾಲಗಾರ, ಪೋಲೀಸ, ಊರ ಪುಢಾರಿ, ಕಳ್ಳ ಸನ್ಯಾಸಿ ಎಲ್ಲರೂ ಅವನ ಹಿಂದೆ ಬಂದರು. ಪೌರಾಣಿಕ ನಾಟಕದ ನಡುವೆ ಕಥೆಗೆ ಸಂಬಂಧವೇ ಇಲ್ಲದ ಹಾಸ್ಯ ಯಾಕೆ ತೂರಿಸುತ್ತಾರೆ ಎಂದು ವಿಮರ್ಶಕರು ಬೇಸರಪಟ್ಟಿದ್ದಾರೆ. ಅದು ಕವಿಯ ಕೈಸೋಲೆಂದೂ ಪ್ರೇಕ್ಷಕರ ಕೀಳು ಅಭಿರುಚಿಯೆಂದೂ ಅವರು ತಿಳಿದರು. ಪರದೆಯ ಹಿಂದೆ ನಡೆಯುತ್ತಿದ್ದ ಕೆಲಸವನ್ನು ಅವರು ಲೆಕ್ಕಕ್ಕೆ ಹಿಡಿಯಲಿಲ್ಲ. ಹಳೆಯ ಕಂಪನಿ ನಾಟಕದ ಪ್ರತಿ ತೆರೆದು ಪ್ರವೇಶಗಳ ತಲೆಬರಹ ಓದುತ್ತ ಹೋದರೆ ಆಳದ ಸೀನು, ರಸ್ತೆ, ಆಳದ ಸೀನು, ರಸ್ತೆ ಎಂಬ ಲಯ ಕಾಣುತ್ತದೆ. ಬಟ್ಟೆ ಉಳಿಯದಿದ್ದರೂ ಬಟ್ಟೆಯ ಗುರುತು ಬರಹದಲ್ಲಿ ಉಳಿದಿದೆ. ರಸ್ತೆ ಸೀನಿನ ಚರಿತ್ರೆಗೆ ಸಾಕ್ಷಿಯೇ ಇಲ್ಲ ಎನ್ನುವವರಿಗೆ ನಾನು ಈ ತಲೆಬರಹಗಳನ್ನೇ ತೋರಿಸುತ್ತೇನೆ.

ಎರಡನೆಯ ಕೆಲಸ ಇದಕ್ಕಿಂತ ದೊಡ್ಡದು. ಮಹಾಭಾರತದ ಕಥೆಯಲ್ಲಿ ಹಸ್ತಿನಾವತಿಗೆ ಒಂದು ಹೆಸರಿದೆ, ಕಾಲವಿದೆ. ರಸ್ತೆ ಪರದೆಗೆ ಎರಡೂ ಇಲ್ಲ. ಅದರ ಮುಂದೆ ನಿಂತ ಹಾಸ್ಯನಟ ಅಂದು ಠಿಕಾಣಿ ಯಾವ ಊರಲ್ಲಿದೆಯೋ ಆ ಊರಿನ ಸಂತೆಯ, ಆ ಊರಿನ ಬಸ್ಸಿನ, ಆ ವರ್ಷದ ನೂಲಿನ ದರದ ಮಾತು ಆಡಬಲ್ಲ. ಇಂದು ಬನಹಟ್ಟಿ, ಮುಂದಿನ ತಿಂಗಳು ಮುಧೋಳ, ಪರದೆ ಅದೇ. ಹುನಗುಂದ ಸೀಮೆಯ ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ಯಂಥ ಪೌರಾಣಿಕವನ್ನು ಹಳ್ಳಿಹಳ್ಳಿಯಲ್ಲಿ ಆಡಿದ ನಮ್ಮ ಜನ, ಅದೇ ಸೀಮೆಯ ಸೂಳೇಭಾವಿಯ ಪಿ.ಬಿ. ಧುತ್ತರಗಿಯವರ ಸಾಮಾಜಿಕ ನಾಟಕಗಳನ್ನೂ ಅಷ್ಟೇ ಒಲವಿನಿಂದ ಎತ್ತಿಕೊಂಡರು. ಈ ದಾಟು ಹೇಗೆ ಸಾಧ್ಯವಾಯಿತು? ಸಮಾಜ ಸುಧಾರಣೆ, ಸ್ವಾತಂತ್ರ್ಯ ಚಳವಳಿ, ಓದುಬರಹ ಎಲ್ಲವೂ ಕಾರಣ, ಒಪ್ಪೋಣ. ಆದರೆ ಸಾಲಗಾರನೂ ಸೊಸೆಯೂ ಗೌಡನ ಮಗನೂ ರಂಗದ ಮೇಲೆ ಕಾಲೂರಲು ಜಾಗ ಆಗಲೇ ಸಿದ್ಧವಿತ್ತು. ಪುರಾಣದ ಎರಡು ಸೀನುಗಳ ನಡುವಿನ ಸಂದಿಯಲ್ಲಿ ದಶಕಗಳಿಂದ ಬಾಳಿದ್ದ ಜನ ಅವರು. ಸಾಮಾಜಿಕ ನಾಟಕ ಬಂದಾಗ ಅವರು ಸಂದಿಯಿಂದ ಹೊರಬಂದು ಇಡೀ ರಾತ್ರಿಯನ್ನು ತಮ್ಮದಾಗಿಸಿಕೊಂಡರು. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ 1974ರಲ್ಲಿ ರಾಜ್‌ಕುಮಾರ್ ಅಭಿನಯದ ಸಿನಿಮಾ ಆಗಿ ನಾಡಿಗೆಲ್ಲ ಮುಟ್ಟಿದ್ದು ಆ ಸಾಲಿನ ಮುಂದಿನ ಹೆಜ್ಜೆ.

ಇಲ್ಲಿ ಬಲವಾದ ಇನ್ನೊಂದು ಆಕ್ಷೇಪವಿದೆ, ಅದನ್ನು ನಮ್ಮ ಮಣ್ಣೇ ಎತ್ತುತ್ತದೆ. ಶ್ರೀಕೃಷ್ಣ ಪಾರಿಜಾತದಲ್ಲಿ ಹಾಲು ಮಾರುವ ಗೊಲ್ಲತಿ ಬರುತ್ತಾಳೆ, ಅವಳನ್ನು ದಾರಿಯಲ್ಲಿ ತಡೆಯುತ್ತಾರೆ, ಮಾತಿಗೆ ಮಾತು ಬೆಳೆಯುತ್ತದೆ. ಅದಕ್ಕಿಂತ ಜೀವಂತ ಬೀದಿ ಬೇಕೆ? ಅಪರಾಳ ತಮ್ಮಣ್ಣ, ಕುಲಗೋಡ ತಮ್ಮಣ್ಣರ ಪರಂಪರೆಯ ಈ ಆಟಕ್ಕೆ ಒಂದು ಅಟ್ಟ ಸಾಕು, ರಸ್ತೆ ಬರೆದ ಪರದೆ ಬೇಕಿಲ್ಲ. ‘ಸಂಗ್ಯಾ ಬಾಳ್ಯಾ’ದಂಥ ಸಣ್ಣಾಟವೂ ಹಾಗೆಯೇ ಊರು, ಓಣಿ, ಮನೆ ಎಲ್ಲವನ್ನೂ ಹಾಡಿನಲ್ಲೇ ಕಟ್ಟುತ್ತದೆ. ಹಾಗಿದ್ದ ಮೇಲೆ ಬರೆದ ಬೀದಿ ನಮ್ಮ ಕಲ್ಪನೆಯನ್ನು ಕುಗ್ಗಿಸಿತು ಎನ್ನಬಾರದೆ? ಈ ಮಾತನ್ನು ನಾನು ತಳ್ಳಿಹಾಕಲಾರೆ. ಬೀದಿಯನ್ನು ತೋರಿಸುವುದಷ್ಟೇ ಉದ್ದೇಶವಾಗಿದ್ದರೆ ಪರದೆ ನಿಜಕ್ಕೂ ಅನಗತ್ಯ. ಆದರೆ ಅದು ತೋರಿಸುವುದಕ್ಕಿಂತ ಮುಚ್ಚುವುದಕ್ಕೆ ಬಂದದ್ದು. ಟಿಕೇಟು ಕೊಟ್ಟು ತಗಡಿನ ಥಿಯೇಟರಿನೊಳಗೆ ಕೂತ ಜನರಿಗೆ ಬೆರಗಿನ ಸೀನುಗಳನ್ನು ಒಂದರ ಮೇಲೊಂದು ತೋರಿಸಲು ಹೊರಟ ಸಂಸ್ಥೆಗೆ ಮುಚ್ಚುವ ಬಟ್ಟೆ ಬೇಕೇಬೇಕಾಗಿತ್ತು. ಬಯಲಾಟದವರಿಗೆ ಆ ಕಷ್ಟವೇ ಇರಲಿಲ್ಲ. ಗಮನಿಸಬೇಕಾದ ಸಂಗತಿಯೆಂದರೆ, ಪರದೆ ಬಿದ್ದ ಮೇಲೂ ಅದರ ಮುಂದೆ ನಡೆದದ್ದು ಗೊಲ್ಲತಿಯ ಆಟವೇ. ತಡೆದು ನಿಲ್ಲಿಸುವುದು, ಚೌಕಾಸಿ, ಚುಚ್ಚುಮಾತು ಎಲ್ಲವೂ ಸಣ್ಣಾಟದಿಂದ ನಡೆದುಬಂದು ಪಾರ್ಸಿ ಬಟ್ಟೆಯ ಮುಂದೆ ನಿಂತವು.

ಸಿನಿಮಾಕ್ಕೆ ಈ ಬೀದಿ ದಾಟಿದ ದಾರಿ ನಮಗೆ ತೀರ ಹತ್ತಿರದ್ದು, ಕೊಲ್ಹಾಪುರದ್ದು. ಅಲ್ಲಿನ ಬಾಬುರಾವ್ ಪೇಂಟರ್ ಮತ್ತು ಅವರ ಸಂಬಂಧಿ ಆನಂದರಾವ್ ನಾಟಕ ಮಂಡಳಿಗಳಿಗೆ ಪರದೆ ಬರೆದು ಹೆಸರಾದವರು; ‘ಪೇಂಟರ್’ ಎಂಬುದು ಆ ಕಸುಬು ಕೊಟ್ಟ ಹೆಸರು. ಮಹಾರಾಷ್ಟ್ರ ಫಿಲ್ಮ್ ಕಂಪನಿ ಕಟ್ಟಿ 1920ರಲ್ಲಿ ‘ಸೈರಂಧ್ರಿ’ ತೆರೆಗೆ ತಂದ ಬಾಬುರಾವ್, ಕ್ಯಾಮೆರಾದ ಎದುರು ಬರೆದ ಪರದೆ ಸಾಲದೆಂದು ಕಂಡು ಕಟ್ಟಿದ ಸೆಟ್ಟುಗಳನ್ನು ತಂದರು. ಪರದೆಯ ಮಿತಿ ಪರದೆ ಬರೆದವನಿಗಿಂತ ಚೆನ್ನಾಗಿ ಇನ್ನಾರಿಗೆ ತಿಳಿದೀತು? ಅವರ ಕೈಕೆಳಗೆ ಪಳಗಿದ ವಿ. ಶಾಂತಾರಾಂ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲೂ ಗಂಧರ್ವ ನಾಟಕ ಮಂಡಳಿಯಲ್ಲೂ ಇದ್ದು ಬಂದವರು. 1929ರಲ್ಲಿ ಸಂಗಡಿಗರೊಡನೆ ಕೊಲ್ಹಾಪುರದಲ್ಲಿ ಪ್ರಭಾತ್ ಕಂಪನಿ ಕಟ್ಟಿದರು, 1933ರಲ್ಲಿ ಅದು ಪುಣೆಗೆ ಹೋಯಿತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತೆರೆಕಂಡಿತು. ಅದರ ಚಿತ್ರೀಕರಣ ನಡೆದದ್ದೂ ಕೊಲ್ಹಾಪುರದ ಛತ್ರಪತಿ ಸ್ಟುಡಿಯೊದಲ್ಲಿ. ಎರಡೇ ವರ್ಷಕ್ಕೆ, 1936ರಲ್ಲಿ, ಎಚ್.ಎಲ್.ಎನ್. ಸಿಂಹರ ‘ಸಂಸಾರ ನೌಕ’ ಕನ್ನಡದ ಮೊದಲ ಸಾಮಾಜಿಕ ಚಿತ್ರವಾಗಿ ಬಂತು, ಅದೂ ರಂಗದ ಮೇಲೆ ಗೆದ್ದ ನಾಟಕವೇ. ಇದೇ ಹೊತ್ತಿಗೆ ಬೀಳಗಿಯ ಅಮೀರಬಾಯಿ ಕರ್ನಾಟಕಿ ಮುಂಬಯಿಯ ಚಿತ್ರಗಳಿಗೆ ಹೋಗಿ, 1943ರ ‘ಕಿಸ್ಮತ್’ನ ಹಾಡುಗಳಿಂದ ದೇಶದ ಮನೆಮಾತಾದರು. ಅವರ ಅಕ್ಕ ಗೋಹರಬಾಯಿ ಬಾಲಗಂಧರ್ವರ ಕಂಪನಿಯಲ್ಲಿ ಪಾತ್ರ ಮಾಡಿದರು. ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬರು ಬರೆದ ಬೀದಿಯ ಮುಂದೆ, ಇನ್ನೊಬ್ಬರು ಕಟ್ಟಿದ ಬೀದಿಯ ಲೋಕದಲ್ಲಿ. ನಮ್ಮ ಸೀಮೆಯಿಂದ ಸ್ಟುಡಿಯೊಕ್ಕೆ ಹೋದ ದಾರಿ ಇಷ್ಟು ನೇರವಾಗಿತ್ತು.

ಕಟ್ಟಿದ ಬೀದಿ ಎಂದರೆ ಏನೆಂದು ತಿಳಿಯಲು ಅಮೆರಿಕದ ಯೂನಿವರ್ಸಲ್ ಸ್ಟುಡಿಯೊದ ಹಿತ್ತಲಿನಲ್ಲಿರುವ ‘ಕಲೋನಿಯಲ್ ಸ್ಟ್ರೀಟ್’ ಒಳ್ಳೆಯ ಉದಾಹರಣೆ. ನಗರದಂಚಿನ ಬಡಾವಣೆಯ ಒಂದು ನೆಮ್ಮದಿಯ ಬೀದಿಯಂತೆ ಕಾಣುವ ಅಲ್ಲಿ ಮನೆಗಳಿವೆ, ಹುಲ್ಲುಹಾಸಿದೆ, ಬೇಲಿಯಿದೆ. ಬಹಳಷ್ಟು ಮನೆಗಳಿಗೆ ಮುಖವೇ ಇದೆ, ಒಳಮನೆಯಿಲ್ಲ. 1960ರ ದಶಕದಲ್ಲಿ ‘ದಿ ಮನ್‌ಸ್ಟರ್ಸ್’ ಎಂಬ ಟಿವಿ ಧಾರಾವಾಹಿಯ ಭೂತದ ಸಂಸಾರ ಅಲ್ಲಿ ಬಾಳಿತು. 2004ರಿಂದ 2012ರ ತನಕ ‘ಡೆಸ್ಪರೇಟ್ ಹೌಸ್‌ವೈವ್ಸ್’ ಧಾರಾವಾಹಿಗಾಗಿ ಅದೇ ಬೀದಿ ‘ವಿಸ್ಟೀರಿಯಾ ಲೇನ್’ ಆಯಿತು. ಬಣ್ಣ ಬದಲಿಸಿ, ಹೆಸರಿನ ಫಲಕ ಬದಲಿಸಿ, ಬೇಕಾದ ಊರು ಮಾಡಿಕೊಳ್ಳುವ ಈ ಜಾಣತನ ನಮ್ಮ ಕಂಪನಿಯದೇ. ಅಳತೆ, ಖರ್ಚು ಎರಡರಲ್ಲೂ ಹೋಲಿಕೆ ಅತಿಯಾಯಿತು ಎನ್ನಬಹುದು. ಆದರೆ ಎರಡೂ ಕಡೆ ಕೆಲಸ ಮಾಡಿದ ವಿಚಾರ ಒಂದೇ: ಬೀದಿಗೆ ಊರು ಇರಬಾರದು, ಇದ್ದರೆ ಅದು ಒಂದೇ ಕಥೆಗೆ ಖರ್ಚಾಗಿಬಿಡುತ್ತದೆ. ನಮ್ಮ ನಾಡಿನಲ್ಲಿ ಹಾಗೆ ಖರ್ಚಾದ ಬೀದಿಯೂ ಇದೆ. ‘ಶೋಲೆ’ಗಾಗಿ ರಾಮ ಯೇಡೇಕರರು ರಾಮನಗರದ ಬಂಡೆಗಳ ಬುಡದಲ್ಲಿ ಕಟ್ಟಿದ ರಾಮಗಢ ಅದೊಂದೇ ಚಿತ್ರದ ಊರಾಗಿ, ಚಿತ್ರೀಕರಣ ಮುಗಿದ ಮೇಲೆ ಇಲ್ಲವಾಯಿತು. ಇದಕ್ಕೆ ತದ್ವಿರುದ್ಧ ಆಗುಂಬೆ. 1986ರಲ್ಲಿ ದೂರದರ್ಶನದಲ್ಲಿ ಬಂದ ‘ಮಾಲ್ಗುಡಿ ಡೇಸ್’ಗಾಗಿ ಶಂಕರ್‌ನಾಗ್, ಕಲಾನಿರ್ದೇಶಕ ಜಾನ್ ದೇವರಾಜ್ ಅವರೊಡನೆ, ಜನ ಬಾಳುತ್ತಿದ್ದ ನಿಜದ ಬೀದಿಗೇ ಆರ್.ಕೆ. ನಾರಾಯಣರು ಕಲ್ಪಿಸಿದ ಊರಿನ ವೇಷ ತೊಡಿಸಿದರು, ಸರ್ ಫ್ರೆಡರಿಕ್ ಲಾಲಿಯ ಪ್ರತಿಮೆಯನ್ನೂ ನಿಲ್ಲಿಸಿದರು. ಅಲ್ಲಿ ನಟ ಬೀದಿಯಲ್ಲಿ ನಡೆಯಬಲ್ಲ, ಜಗುಲಿ ಹತ್ತಿ ಒಳಗೂ ಹೋಗಬಲ್ಲ. ಇಂದು ಆಗುಂಬೆಗೆ ಹೋಗುವವರು ಮಾಲ್ಗುಡಿಯನ್ನು ಹುಡುಕುತ್ತಾರೆ. ಆ ಧಾರಾವಾಹಿಯ ನಿಲ್ದಾಣವಾಗಿದ್ದ ಅರಸಾಳು ರೈಲು ನಿಲ್ದಾಣದ ಹಳೆಯ ಕಟ್ಟಡ ಮಾಲ್ಗುಡಿಯ ಹೆಸರಿನ ಸಂಗ್ರಹಾಲಯವೇ ಆಗಿದೆ. ಬೇರೆ ಊರಿನ ಹೆಸರು ಒಮ್ಮೆ ಅಂಟಿಕೊಂಡ ನಿಜದ ಬೀದಿ ಅದನ್ನು ಕಳಚಲಾರದೆ ಹೋಯಿತು.

ಪರದೆಯನ್ನು ಕಟುವಾಗಿ ನಿರಾಕರಿಸಿದವರು ಹವ್ಯಾಸಿ ರಂಗಭೂಮಿಯವರು. ನಮ್ಮದೇ ವಿಜಯಪುರ ಜಿಲ್ಲೆಯ ಅಗರಖೇಡದ ಶ್ರೀರಂಗರ ಕಾಲದಿಂದ ಕಂಪನಿ ನಾಟಕದ ಥಳುಕಿನ ಮೇಲೆ ವಿಚಾರವಂತರ ಟೀಕೆ ನಡೆದುಬಂದಿದೆ. ಸುಳ್ಳು ಬೀದಿಯ ಮುಂದೆ ನಿಜ ಸಂಕಟ ಹುಟ್ಟಲಾರದು, ಬಣ್ಣದ ಬಟ್ಟೆ ಮಾತಿನ ಬೆಲೆ ಕಳೆಯುತ್ತದೆ ಎಂಬುದು ಆ ಟೀಕೆಯ ತಿರುಳು. ಆಳದ ಸೀನುಗಳ ಮಟ್ಟಿಗೆ ಅದನ್ನು ಒಪ್ಪುತ್ತೇನೆ; ಮಾಯೆ, ಮಂತ್ರ, ಹಾರುವ ವಿಮಾನಗಳ ಮುಂದೆ ನಟನ ಮುಖ ಎಷ್ಟೋ ಸಲ ಕಳೆದುಹೋಗಿದೆ. ರಸ್ತೆ ಸೀನಿನ ಮಟ್ಟಿಗೆ ಮಾತ್ರ ಟೀಕೆ ಗುರಿ ತಪ್ಪಿತು. ಆ ಪರದೆಯನ್ನು ನಿಜವೆಂದು ನಂಬಿಸುವ ಹಟ ಯಾರಿಗೂ ಇರಲಿಲ್ಲ, ನಂಬಿದ ಪ್ರೇಕ್ಷಕನೂ ಇರಲಿಲ್ಲ. ಬಟ್ಟೆ ನೇಯ್ದು ಬಾಳುವ ಬನಹಟ್ಟಿ ರಬಕವಿಯ ಪ್ರೇಕ್ಷಕರಿಗಂತೂ ಎದುರಿಗೆ ತೂಗುತ್ತಿರುವುದು ಬಟ್ಟೆಯೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಪರದೆ ಇಳಿದರೆ ಅವರಿಗೆ ತಿಳಿಯುತ್ತಿದ್ದುದು ಇಷ್ಟೇ: ಒಳಮನೆಯ ಮಾತು ನಿಂತಿತು, ಇನ್ನು ನಾಲ್ಕು ಜನರ ಎದುರಿನ ಮಾತು. ಮನೆಯೊಳಗೆ ಬಾಯಿಬಿಡದ ಸೊಸೆ ರಸ್ತೆಯಲ್ಲಿ ನೆರೆಯವಳೆದುರು ಬಾಯಿಬಿಡುತ್ತಾಳೆ. ದರ್ಬಾರಿನಲ್ಲಿ ತಲೆಬಾಗಿದ ಆಳು ರಸ್ತೆಗೆ ಬಂದು ರಾಜನನ್ನು ಅಣಕಿಸುತ್ತಾನೆ. ಹವ್ಯಾಸಿಗಳ ನಾಟಕ ಬಹುಪಾಲು ಮನೆಯ ಪಡಸಾಲೆಗೆ ಹೊಕ್ಕು ಅಲ್ಲೇ ಕೂತಿತು. ಅದರಿಂದ ಮಾತಿಗೆ ಸೂಕ್ಷ್ಮತೆ ಬಂದದ್ದು ನಿಜ. ಆದರೆ ಅಪರಿಚಿತರು ಎದುರಾಗುವ ಜಾಗವೊಂದು ರಂಗದಿಂದ ಕಾಣೆಯಾಯಿತು, ಮತ್ತು ಆ ನಷ್ಟವನ್ನು ಯಾರೂ ಎಣಿಸಲಿಲ್ಲ.

ಕಂಪನಿಗಳು ವಿರಳವಾದ ಮೇಲೆ ಈ ಬೀದಿ ಬಾಡಿಗೆಯ ಸಾಮಾನಾಗಿ ಬದುಕಿತು. ಬಾದಾಮಿಯ ಬನಶಂಕರಿ ಜಾತ್ರೆಗೆ ಇಂದಿಗೂ ಹಲವು ಕಂಪನಿಗಳು ಬಂದು ತಿಂಗಳೊಪ್ಪತ್ತು ಬೀಡುಬಿಡುತ್ತವೆ. ಅವುಗಳ ಆಚೆ, ಊರ ಜಾತ್ರೆಗೆ ಊರವರೇ ಆಡುವ ನಾಟಕಗಳಿಗೆ ‘ಡ್ರಾಮಾ ಸೀನ್ಸ್’ನವರು ಗಾಡಿಯಲ್ಲಿ ಪರದೆ, ವಿಂಗು, ಝಾಲರಿ ತಂದು ಒಂದು ರಾತ್ರಿಗೆ ಕಟ್ಟಿಕೊಟ್ಟು ಬೆಳಗಿಗೆ ಬಿಚ್ಚಿಕೊಂಡು ಹೋಗುತ್ತಾರೆ. ಹ್ಯಾಂಡಬಿಲ್ಲಿನ ಕೆಳಗಡೆ ‘ಭವ್ಯ ರಂಗಸಜ್ಜಿಕೆ’ ಎಂಬ ಸಾಲಿನಲ್ಲಿ ಅವರ ಅಂಗಡಿಯ ಹೆಸರು ಬರುತ್ತದೆ. ಪರದೆ ಬರೆದವನ ಹೆಸರು ಬರುವುದಿಲ್ಲ. ಕೊಲ್ಹಾಪುರ ತನ್ನ ಪರದೆ ಬರೆದವನನ್ನು ಕಲಾಮಹರ್ಷಿ ಎಂದು ಕರೆದು ಗೌರವಿಸಿತು. ನಮ್ಮ ಸೀಮೆಯಲ್ಲಿ ಕುಂಚ ಹಿಡಿದವರು ಗೋಡೆ, ಫಲಕ, ಗಣಪತಿ, ಪರದೆ ಎಲ್ಲವನ್ನೂ ಬರೆದು ಹೆಸರಿಲ್ಲದೆ ಹೋದರು. ಸಂಸ್ಥೆಗಳ ನೆನಪಿನ ಪುಟಗಳಲ್ಲಿ ದೇಣಿಗೆ ಕೊಟ್ಟವರ ಪಟ್ಟಿ ಇರುವಂತೆ ಇವರ ಪಟ್ಟಿಯೂ ಇರಬೇಕು, ಉಳಿದಿರುವ ಪರದೆಗಳ ಅಳತೆ, ಬಟ್ಟೆ, ಬಣ್ಣ, ಮಡಿಕೆಯ ಸವಕಳಿ ಸಹಿತ ಒಂದೊಂದರ ಫೋಟೊ ಇರಬೇಕು ಎಂಬುದು ನನ್ನ ಒತ್ತಾಯ. ಇದು ಬೇಗ ಆಗಬೇಕಾದ ಕೆಲಸ, ಏಕೆಂದರೆ ಫ್ಲೆಕ್ಸಿನ ಮೇಲೆ ಮುದ್ರಿಸಿದ ರಸ್ತೆಗಳು ಬರತೊಡಗಿವೆ. ಅವು ಹಗುರ, ಅಗ್ಗ, ಮಳೆಗೆ ಹೆದರುವುದಿಲ್ಲ. ಒಯ್ಯುವವರ ಬೆನ್ನಿಗೆ ಆರಾಮ, ಅದನ್ನು ಬೇಡವೆನ್ನುವ ಹಕ್ಕು ನನಗಿಲ್ಲ. ಆದರೆ ಫೋಟೊದೊಳಗಿನ ರಸ್ತೆ ಎಲ್ಲಿಯದೋ ಒಂದು ಊರಿನದಾಗಿಯೇ ಇರುತ್ತದೆ. ಅಲ್ಲಿನ ಕಟ್ಟಡಗಳನ್ನು ಬಲ್ಲವರು ಬಲ್ಲರು. ಅದರ ಮುಂದೆ ನಿಂತು ಬನಹಟ್ಟಿಯ ಸಂತೆಯ ಮಾತು ತೆಗೆಯುವ ಹಾಸ್ಯನಟ, ಬೆನ್ನ ಹಿಂದಿನ ಊರನ್ನು ಮೊದಲು ಮರೆಸಬೇಕಾಗುತ್ತದೆ.